ಅಡಿಟಿಪ್ಪಣಿಯ ಅಜ್ಜ

ಮಾರ್ಚ್ 4, ಮಂಗಳವಾರ, ಸಂಜೆ 5

ತಪ್ಪೊಪ್ಪಿಗೆ. ಇಂದು ಮಧ್ಯಾಹ್ನ ಮೂರೂವರೆಗೆ, ಯೂನಿವರ್ಸಿಟಿ ಲೈಬ್ರರಿಯ ಎರಡನೇ ಮಹಡಿಯಲ್ಲಿ, ಕಿಟಕಿ ಪಕ್ಕದ ಮೇಜಿನಲ್ಲಿ, ನಾನು ಒಬ್ಬ ಮನುಷ್ಯನನ್ನು ಹೆತ್ತೆ. ಸುಖಪ್ರಸವ. ಹುಟ್ಟುವಾಗಲೇ ಎಪ್ಪತ್ತೆರಡು ವರ್ಷ, ಎರಡು ಡಾಕ್ಟರೇಟ್, ಒಂದು ಗ್ರಂಥ, ಹಳೆಯ ಸಂಶೋಧನಾ ಪತ್ರಿಕೆಯೊಂದರಲ್ಲಿ ಒಂದು ಲೇಖನ. ಹೆಸರೂ ಇಟ್ಟಾಯಿತು. ಇಲ್ಲಿ ಬರೆಯುವುದಿಲ್ಲ, ಸಾಕ್ಷಿ ಉಳಿಯುತ್ತದೆ. ಅಜ್ಜ ಅನ್ನೋಣ. ನಮ್ಮ ಪ್ರಾಜೆಕ್ಟಿನ ಎರಡನೇ ಅಧ್ಯಾಯದ ಅಡಿಟಿಪ್ಪಣಿಯಲ್ಲಿ ವಾಸ. ಆಕರ ಗ್ರಂಥ ಇದೆ, ಅದಕ್ಕೆ ಆಕಾರ ಮಾತ್ರ ಇಲ್ಲ.

ಉದ್ದೇಶ: ಸೇಡು.

ಕಾರಣ ವಿಭಾಗದ ನೋಟೀಸ್ ಬೋರ್ಡಿನಲ್ಲಿ ನೇತಾಡುತ್ತಿದೆ. ಕೊನೆಯ ಸುತ್ತಿಗೆ ಆಯ್ಕೆಯಾದ ಪ್ರಾಜೆಕ್ಟುಗಳ ಪಟ್ಟಿ. ಮೂರನೆಯದು ನಮ್ಮದು — ‘ಕ್ಯಾಂಟೀನ್ ಸಾಲಿನಲ್ಲಿ ವಿದ್ಯಾರ್ಥಿಗಳ ತಾಳ್ಮೆ’. ಮಾಡಿದವರು: ನನ್ನ ರೂಮ್‌ಮೇಟಿನ ಪೂರ್ತಿ ಹೆಸರು, ಇನಿಶಿಯಲ್ ಸಮೇತ, ‘ಮತ್ತು ತಂಡ’. ತಂಡದಲ್ಲಿರುವುದೇ ಇಬ್ಬರು. ಅರ್ಜಿಯ ಮೊದಲ ಸಾಲಿನಲ್ಲಿ ಹೆಸರು ಬರೆದದ್ದಕ್ಕೆ ಅವನು ಲೀಡರ್. ಅವನನ್ನು ಕಳೆದರೆ ಉಳಿಯುವ ‘ಮತ್ತು ತಂಡ’ ನಾನು. ಹೆತ್ತವರು ಇಟ್ಟ ಹೆಸರು ಹೋಗಿ ಅವ್ಯಯವಾದೆ.

ಗೆದ್ದ ಪ್ರಾಜೆಕ್ಟಿನಿಂದ ಒಬ್ಬನಿಗೆ, ಒಬ್ಬನಿಗೇ, ವಿಭಾಗದಲ್ಲಿ ಸಂಶೋಧನಾ ಸಹಾಯಕನ ಜಾಗ, ಮುಂದೆ ಇಲ್ಲೇ ಎಂ.ಎ. ನನಗೆ ಬೇಕು. ತೊಂಬತ್ತಾರು ಪುಟ ಬರೆದವನು ನಾನು. ಅವನು ಮಾಡಿದ್ದು? ಕ್ಯಾಂಟೀನಿನಲ್ಲಿ ನಿಂತು ಹರಟೆ.

ವೈವಾದಲ್ಲಿ ಎರಡನೇ ಅಧ್ಯಾಯ ವಿವರಿಸುವುದು ಅವನ ಪಾಲು. ಈ ವಿದ್ವಾಂಸರು ಯಾರು ಎಂದು ಕೇಳುತ್ತಾರೆ. ಅವನು ಬಾಯಿ ಬಾಯಿ ಬಿಡುತ್ತಾನೆ. ನಾನು ತಲೆ ತಗ್ಗಿಸಿ ‘ನನಗೂ ಅನುಮಾನ ಇತ್ತು ಸರ್’ ಎನ್ನುತ್ತೇನೆ. ಕನ್ನಡಿ ಮುಂದೆ ಅಭ್ಯಾಸ ಮಾಡಿದೆ. ತಗ್ಗಿದ ತಲೆ ನನಗೆ ಒಪ್ಪುತ್ತದೆ.

ಮಾರ್ಚ್ 6, ಗುರುವಾರ

ಲೀಡರ್ ಅಧ್ಯಾಯ ಓದಿದ. ಮಂಚದ ಮೇಲೆ ಎದ್ದು ಕೂತ.

“ಲೋ ಪಂಡಿತ, ಈ ಅಜ್ಜ ಭಾರಿ ಇದಾನೆ ಕಣೋ!”

ಅಜ್ಜನ ಸಿದ್ಧಾಂತ: ಸಾಲು ನಿಧಾನವಾದರೆ ಮನುಷ್ಯನಿಗೆ ಕೌಂಟರಿನವನ ಮೇಲೆ ಸಿಟ್ಟು ಬರುವುದಿಲ್ಲ, ಮುಂದೆ ನಿಂತವನ ಬೆನ್ನಿನ ಮೇಲೆ ಬರುತ್ತದೆ. ಹತ್ತು ನಿಮಿಷದಲ್ಲಿ ಹೊಸೆದದ್ದು. ಬೇಕೆಂದೇ ಬಾಲಿಶ — ಬೀಳುವವನು ಸದ್ದು ಮಾಡಿ ಬೀಳಲಿ.

“ನಿಜ ಕಣೋ, ಸಾಲಲ್ಲಿ ನಿಂತೋರೂ ಹಿಂಗೇ ಹೇಳ್ತಾರೆ. ಫಾರಂ ನೋಡಿದ್ಯಾ ನೀನು?”

“ನಾನು ಅಕ್ಷರದವನು. ಅಂಕಿ ನಿಂದು.”

“ಸರಿ ದೊರೆ.” ಕಾಲುಚೀಲ ಬಿಚ್ಚಿದ. ಹಿಮ್ಮಡಿಯಲ್ಲಿ ಎರಡು ಬೊಬ್ಬೆ. ಹರಟೆ ಹೊಡೆಯುವವನಿಗೆ ಬೊಬ್ಬೆ ನಾಲಿಗೆಯಲ್ಲಿ ಏಳಬೇಕಿತ್ತು.

ದಾಖಲೆಗಾಗಿ: ಒಟ್ಟು ಇನ್ನೂರು ಫಾರಂ. ಸಾಲಿನಲ್ಲಿ ನಿಂತವರನ್ನು ಕೇಳಿ ತುಂಬಿಸಬೇಕು. ಅವನಿಗೆ ನೂರೈವತ್ತು, ನನಗೆ ಐವತ್ತು. ನನ್ನದು ಫೆಬ್ರವರಿಯಲ್ಲೇ, ಒಂದೇ ಭಾನುವಾರ ಮುಗಿಯಿತು. ಅವನಿಗೆ ಹದಿನೆಂಟು ದಿನ ಹಿಡಿಯಿತು. ಚುರುಕು ಯಾರು ಎಂದು ಬೇರೆ ಹೇಳಬೇಕೆ.

ಮಾರ್ಚ್ 9, ಭಾನುವಾರ

ಎಲ್ಲ ಭಾನುವಾರದಂತೆ ಕ್ಯಾಂಟೀನಿಗೆ ರಜೆ. ಎಲ್ಲ ಭಾನುವಾರದಂತೆ ಬಿಸ್ಕೆಟ್. ಅಕ್ಕನ ಫೋನ್.

“ಬೋರ್ಡಿನ ಫೋಟೊ ಕಳಿಸಿದ್ಯಲ್ಲ, ಅದರಲ್ಲಿ ನಿನ್ನ ಹೆಸರೆಲ್ಲೋ?”

“ ‘ಮತ್ತು ತಂಡ’ ಅಂತ ಇದೆಯಲ್ಲ. ಅದೇ.”

ಅಕ್ಕನ ಆ ನಗು. “ಅಯ್ಯೋ ನನ್ನ ಮತ್ತು ತಮ್ಮಾ! ಅಮ್ಮ ಆಗಲೇ ಚಿಕ್ಕಮ್ಮಂಗೆ ಹೇಳಿಬಿಟ್ಟಿದಾಳೆ ಕಣೋ, ನಿನಗೆ ಕಾಲೇಜಲ್ಲೇ ಕೆಲಸ ಆಯ್ತು ಅಂತ. ಈಗ ಏನು ಹೇಳೋದು? ಮತ್ತು ಕೆಲಸ ಸಿಕ್ತು ಅನ್ನೋಣ್ವಾ?”

ಫೋನ್ ಇಟ್ಟೆ. ಒಂದಿಷ್ಟು ಕರುಣೆ ಉಳಿದಿತ್ತು, ಅದೂ ಆವಿಯಾಯಿತು. ಅಜ್ಜನಿಗೆ ಇನ್ನೊಂದು ಲೇಖನ ಕೊಟ್ಟೆ. ಈ ವಯಸ್ಸಿನಲ್ಲೂ ಎಷ್ಟು ದುಡಿಮೆ!

ಮಾರ್ಚ್ 13, ಗುರುವಾರ, ರಾತ್ರಿ

ಗೈಡ್ ಮೇಡಂ ಕರಡು ನೋಡಿದರು. ಅಡಿಟಿಪ್ಪಣಿಯ ಮೇಲೆ ಬೆರಳಿಟ್ಟರು.

“ಹ್ಞಾ, ಇವರನ್ನ ಎಲ್ಲೋ ಓದಿದೀನಿ. ಒಳ್ಳೇ ಸ್ಕಾಲರ್. ಸ್ವಲ್ಪ ಕ್ಲಿಷ್ಟ.”

ಅಜ್ಜನಿಗೆ ಮೊದಲ ಅಭಿಮಾನಿ.

ಹೊರಗೆ ಬಂದ ಮೇಲೆ ಲೀಡರ್ ತಲೆ ಕೆರೆದುಕೊಂಡ. “ಪಂಡಿತ, ಈ ಅಜ್ಜನ ಪುಸ್ತಕ ಲೈಬ್ರರಿಲಿ ಇಲ್ಲ ಕಣೋ. ಮೂರು ಸಲ ಹುಡುಕ್ದೆ. ವೈವಾಲಿ ಕೇಳಿದ್ರೆ? ತೆಗೆದುಬಿಡೋಣ್ವಾ?”

‘ತೆಗಿ’ ಅಂದಿದ್ದರೆ ಮುಗಿಯುತ್ತಿತ್ತು. ಎರಡೇ ಅಕ್ಷರ.

“ಮೇಡಮ್ಮೇ ಓದಿದಾರಂತೆ. ಧೈರ್ಯವಾಗಿ ಹೇಳು,” ಅಂದೆ.

ಸಂಜೆ ಬೈಂಡಿಂಗಿಗೆ ಹೋಯಿತು. ನೀಲಿ ರಟ್ಟು, ಹೊಂಬಣ್ಣದ ಅಕ್ಷರ. ಒಳಗೆ ಅಜ್ಜ, ಬಾಂಬಿನಂತೆ, ಶಾಂತವಾಗಿ.

ಮಾರ್ಚ್ 20, ಗುರುವಾರ, ಮಧ್ಯಾಹ್ನ 2

ವೈವಾ ಮುಗಿಯಿತು. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಹೊರಗಿನಿಂದ ಬಂದ ಪರೀಕ್ಷಕರು. ನರೆತ ಹುಬ್ಬು, ತಣ್ಣಗಿನ ದನಿ. ಲೀಡರ್ ಚೆನ್ನಾಗಿಯೇ ಮಾತಾಡಿದ. ಅವರು ಪುಟ ಮಗುಚಿದರು. ಅಜ್ಜನ ಅಡಿಟಿಪ್ಪಣಿಯಲ್ಲಿ ನಿಂತರು.

“ಈ ಲೇಖನ ಬಂದ ವರ್ಷ ಆ ಪತ್ರಿಕೆಗೆ ಸಂಪಾದಕ ನಾನೇ ಇದ್ದೆನಲ್ಲಪ್ಪ. ನನಗೆ ಕಾಣದ ಹಾಗೆ ಇವರು ಯಾವ ಬಾಗಿಲಿಂದ ಒಳಗೆ ಬಂದ್ರು?”

ನನ್ನ ತಲೆ ತಗ್ಗಲು ಸಜ್ಜಾಯಿತು.

ಲೀಡರ್ ಬಾಯಿ ಬಾಯಿ ಬಿಡಲಿಲ್ಲ. “ಗೊತ್ತಿಲ್ಲ ಸರ್. ಇದರಲ್ಲಿರೋ ಒಂದೊಂದು ಅಕ್ಷರನೂ ಇವನೇ ಬರೆದಿದ್ದು. ನನಗೆ ಬರೆಯೋಕೆ ಬರಲ್ಲ. ಬೋರ್ಡಲ್ಲಿ ಇವನ ಹೆಸರು ಬಿಟ್ಟಿದಾರೆ ಅಂತ ಆಫೀಸಿಗೆ ಎರಡು ಸಲ ಅರ್ಜಿ ಕೊಟ್ಟೆ. ಕಾಲಂ ಇರೋದೇ ಅಷ್ಟಗಲ ಅಂದ್ರು. ಬರವಣಿಗೆಯ ಪೂರ್ತಿ ಕ್ರೆಡಿಟ್ ಇವನಿಗೇ ಕೊಡಿ ಸರ್.”

ಹದಿನಾರು ದಿನದಿಂದ ಯಾವ ಮಾತಿಗೆ ಬಾಯಾರಿದ್ದೆನೋ ಅದೇ ಮಾತು. ಎಲ್ಲರ ಎದುರು, ಗಟ್ಟಿಯಾಗಿ. ಬಂದ ಗಳಿಗೆ ಮಾತ್ರ ಕೆಟ್ಟದ್ದು.

ಪರೀಕ್ಷಕರು ನನ್ನ ಕಡೆ ತಿರುಗಿದರು. “ನಿನಗೆ ಇವರ ಪರಿಚಯ ಇದೆಯೇನಪ್ಪ?”

ಮೇಡಂ ಫ್ಯಾನ್ ನೋಡುತ್ತಿದ್ದರು.

“ದೂರದ ಪರಿಚಯ ಸರ್,” ಅಂದೆ. ನಾಲಿಗೆಗೆ ಇಂಥ ಹೊತ್ತಿನಲ್ಲೂ ಚಟ.

ಅವರು ನಗಲಿಲ್ಲ. ಫಾರಂಗಳ ಕಟ್ಟು ಎಳೆದುಕೊಂಡರು. “ತಮಾಷೆ ಏನು ಗೊತ್ತಾ? ಸಿದ್ಧಾಂತ ಸರಿಯಾಗಿದೆ. ಈ ಕಟ್ಟಲ್ಲಿ ನೂರೈವತ್ತರಲ್ಲಿ ನೂರಾ ಹನ್ನೆರಡು ಜನಕ್ಕೆ ಮುಂದೆ ನಿಂತವನ ಮೇಲೇ ಸಿಟ್ಟು. ಆದ್ರೆ ಈ ಇನ್ನೊಂದು ಕಟ್ಟು... ಐವತ್ತಕ್ಕೆ ಐವತ್ತೂ ಕೌಂಟರ್ ಮೇಲೆ. ಐವತ್ತಕ್ಕೂ ಒಂದೇ ಭಾನುವಾರದ ತಾರೀಕು. ಭಾನುವಾರ ನಿಮ್ಮ ಕ್ಯಾಂಟೀನ್ ಇರುತ್ತಾ? ಇದನ್ನ ತಂದಿದ್ದು ಯಾರು?”

ಲೀಡರ್ ನನ್ನನ್ನು ಒಮ್ಮೆ ನೋಡಿದ. ಒಮ್ಮೆ ಮಾತ್ರ.

“ಅದು ತಂಡದ್ದು ಸರ್.”

ತೀರ್ಪು: ಯಾರು ಯಾವ ಭಾಗ ಮಾಡಿದ್ದು ಎಂದು ಇಬ್ಬರೂ ಬೇರೆ ಬೇರೆ ಹೇಳಿಕೆ ಬರೆದು ನಾಳೆ ನಾಲ್ಕರೊಳಗೆ ಆಫೀಸಿಗೆ ಕೊಡಬೇಕು. ಸುಳ್ಳು ಸೃಷ್ಟಿಸಿದವನಿಗೆ ಡಿಗ್ರಿ ಒಂದು ವರ್ಷ ತಡ. ಯಾರೆಂದು ಗೊತ್ತಾಗದಿದ್ದರೆ ಇಬ್ಬರಿಗೂ.

ಮಾರ್ಚ್ 21, ಶುಕ್ರವಾರ, ಮಧ್ಯಾಹ್ನ 3

ಮೂರು ಹಾಳೆ ಹರಿದೆ. ಮೊದಲ ವಾಕ್ಯ ಪ್ರತಿ ಸಲವೂ ಭವ್ಯ: ‘ಈ ಪ್ರಾಜೆಕ್ಟಿನ ಸಮಸ್ತವೂ ನನ್ನದೇ.’ ಎರಡನೆಯದಕ್ಕೆ ಬಂದರೆ ಪೆನ್ನು ನಿಲ್ಲುತ್ತದೆ.

ಲೀಡರ್ ಆಗಲೇ ಮುಗಿಸಿದ್ದಾನೆ. ಅವನು ಮುಖ ತೊಳೆಯಲು ಹೋದಾಗ ಆ ಹಾಳೆ ನೋಡಿದೆ. ಹೌದು, ಅದೂ ಒಂದು ಅಪರಾಧ, ಸೇರಿಸಿಕೊಳ್ಳಿ. ‘ಬರೆದದ್ದು ಅವನು. ಓಡಾಡಿದ್ದು ನಾನು. ಐವತ್ತು ಫಾರಂ: ತಂಡ.’ ಕಾಗುಣಿತದ ತಪ್ಪು ನಾಲ್ಕು. ಬೇರೆ ತಪ್ಪು ಇಲ್ಲ.

ಅಜ್ಜನನ್ನು ಹೆತ್ತೆ ಎಂದು ಬರೆಯಲು ನನಗೆ ಅಷ್ಟು ನಾಚಿಕೆಯಿಲ್ಲ. ಅದರಲ್ಲಿ ಸ್ವಲ್ಪ ಕಲೆಯಾದರೂ ಇದೆ. ಆದರೆ ಆ ಐವತ್ತು... ಮುಂದೆ ನಿಂತವನ ಮೇಲೆ ಯಾವ ಮೂರ್ಖ ಸಿಟ್ಟಾಗುತ್ತಾನೆ ಎಂದು ಐವತ್ತರಲ್ಲೂ ಕೌಂಟರಿಗೆ ಗುರುತು ಹಾಕಿದ ಕೈ ಇದೇ. ಅಜ್ಜ ಇಲ್ಲದಿದ್ದರೂ ಅವನು ಹೇಳಿದ್ದು ನಿಜ. ಲೀಡರ್ ಕಾಲು ಸವೆಸಿ ತಂದದ್ದೂ ನಿಜ.

ಬಾಗಿಲಲ್ಲಿ ಅವನು. ಶೂ ಹಾಕಿಯಾಗಿದೆ. “ಪಂಡಿತ, ಮುಗೀತಾ? ಶುಕ್ರವಾರ ಆಫೀಸಲ್ಲಿ ಉದ್ದ ಸಾಲು. ಬೇಗ ಬಾ, ನೀನೇ ಮುಂದೆ ನಿಂತ್ಕೋ.”

ನಾಲ್ಕನೇ ಹಾಳೆ. ‘ಸಮಸ್ತವೂ’ ಹೊಡೆದು ಹಾಕಿದೆ. ಹೀಗೆ ಬರೆದಿದ್ದೇನೆ:

‘ಐವತ್ತು ಫಾರಂ ತುಂಬಿದ ತಂಡ ನಾನೊಬ್ಬನೇ. ಕ್ಯಾಂಟೀನಿನ ಹತ್ತಿರ ಹೋಗಲಿಲ್ಲ. ಮಂಚದ ಮೇಲೆ ಕೂತು, ಐದು ಪೆನ್ನು ಬದಲಿಸಿ, ಒಂದೇ ಮಧ್ಯಾಹ್ನ ತುಂಬಿದೆ. ಅಂದು ಕ್ಯಾಂಟೀನಿಗೆ ರಜೆ ಎಂಬುದು ಹೊಳೆಯಲಿಲ್ಲ — ರಜೆಯೆಂದೇ ಬಿಸ್ಕೆಟ್ ತಿನ್ನುತ್ತಾ ತುಂಬುತ್ತಿದ್ದರೂ. ಅಡಿಟಿಪ್ಪಣಿಯ ಅಜ್ಜನೂ ನನ್ನ ಸೃಷ್ಟಿಯೇ.’