ಚೂಟಿ ಯಾರ ಹೆಸರು?

ಪ್ರೀತಿಯ ಅಣ್ಣನಿಗೆ,

ನನ್ನ ಮೊಣಕಾಲು ವಾಸಿಯಾಗಿದೆ. ಮುಂದಿನ ವಾರದ ಓಟಕ್ಕೆ ಹೊಸ ಜೆರ್ಸಿ ಹೊಲಿಸಲು ನಿನ್ನೆ ಟೈಲರ್ ಅಂಗಡಿಗೆ ಹೋಗಿದ್ದೆ. ಬೆನ್ನ ಮೇಲೆ ಎಂದಿನಂತೆ ‘ಚೂಟಿ’ ಎಂದು ಹಾಕಲು ಹೇಳಿದೆ.

“ಆಗಲ್ಲಮ್ಮ. ಆ ಹೆಸರು ಈಗ ನಿಮ್ಮಣ್ಣನ ಕಂಪನಿದು. ಅವರ ಒಪ್ಪಿಗೆ ಇಲ್ದೆ ಹಾಕಿದ್ರೆ ಕೇಸು ಅಂತ ವಕೀಲರು ಬಂದು ಹೇಳಿ ಹೋಗಿದ್ದಾರೆ” ಎಂದರು ಟೈಲರ್. ನಾನು ನಕ್ಕೆ. ಅವರು ನಗಲಿಲ್ಲ.

ನಿನ್ನ ಮೇಲೆ ಅನುಮಾನ ಅಂತಲ್ಲ. ಆದರೂ ಕೇಳುತ್ತೇನೆ. ಮೊಣಕಾಲಿನ ಆಪರೇಷನ್ ಆದಾಗ ಆಸ್ಪತ್ರೆಯಲ್ಲಿ ನನಗೆ ಮಂಪರು ಇಳಿಯುವ ಮೊದಲೇ ವಿಮೆಗೆ ಎಂದು ಸಹಿ ಹಾಕಿಸಿಕೊಂಡೆಯಲ್ಲ, ಅದು ವಿಮೆಗೇ ತಾನೇ? ನಿನ್ನ ಆ ವಕೀಲರಿಗೆ ಫೋನ್ ಮಾಡಿದರೆ “ನಿಮ್ಮಣ್ಣನ್ನೇ ಕೇಳಿ ಮೇಡಂ” ಎನ್ನುತ್ತಾರೆ. ನೀನು ಫೋನ್ ಎತ್ತುವುದೇ ಇಲ್ಲ. ‘ಚೂಟಿ’ ಶೂ ಮಾರಾಟಕ್ಕೆ ಬಂದಿರುವುದನ್ನೂ ನಾನು ಅಂಗಡಿಯ ಗಾಜಿನಾಚೆಯಿಂದಲೇ ನೋಡಿ ತಿಳಿದುಕೊಂಡೆ.

ಓಟಕ್ಕೆ ಮೊದಲು ನಾನು ಸಹಿ ಮಾಡಿದ ಕಾಗದದ ಪ್ರತಿ ಹಿಡಿದುಕೊಂಡು ಮನೆಗೆ ಬಾ. ಹಾಗೆಯೇ ಅಮ್ಮನ ಹೆಸರಿಗೂ ಒಂದು ಒಪ್ಪಿಗೆ ಪತ್ರ ಬರೆಸಿಕೊಂಡು ಬಾ. ಈಗಷ್ಟೇ ಅಡುಗೆಮನೆಯಿಂದ “ಚೂಟೀ, ಊಟಕ್ಕೆ ಬಾರೇ” ಎಂದು ಕೂಗಿದಳು. ಕೇಸಾದೀತು ಎಂದು ನಾನು ಓಗೊಡದೆ ಕೂತಿದ್ದೇನೆ.

ಇಂತಿ,
ನಿನ್ನ ತಂಗಿ