ಹಗಲು ನಾಟಕ

ಜನವರಿ 17, ಬೆಳಿಗ್ಗೆ

ಇವತ್ತೂ ಎರಡು ರೊಟ್ಟಿ ಹೊತ್ತಿದವು. ಭುವನಾ ವೈನಿಯ — ಅಣ್ಣನ ಹೆಂಡತಿಯ — ಲಕ್ಷ್ಯ ಹಂಚಿನ ಮೇಲಿಲ್ಲ. ಕೊನೆಗೆ ಒಲೆಯ ಮುಂದೆ ಕೂತೇ ಹೇಳಿಬಿಟ್ಟರು — "ಈ ವರ್ಷ ನಾಟಕದಾಗ ಹೆಣ್ಣಪಾತ್ರ ನಾ ಮಾಡ್ತೇನಿ."

ತೊಗರಿ ರಾಶಿ ಮುಗಿದ ಮೇಲೆ ಊರಲ್ಲಿ ಒಂದು ನಾಟಕ ಆಗಲೇಬೇಕು. ಗಂಡುಪಾತ್ರ ಊರವರದು. ಹೆಣ್ಣುಪಾತ್ರಕ್ಕೆ ಹೊರಗಿನಿಂದ ನಟಿಯರನ್ನು ಕರೆಸುವುದು ರೂಢಿ. ಹೋದ ವರ್ಷ ಬಂದಿದ್ದಾಕೆಗೆ ಕತ್ತಲಲ್ಲಿ ಹುಡುಗರು ಸೀಟಿ ಹೊಡೆದು, ಸೆರಗು ಎಳೆದು... ಅರ್ಧಕ್ಕೇ ಎದ್ದುಹೋದಳು. ಸುದ್ದಿ ಹಬ್ಬಿದೆ. ಈ ವರ್ಷ ಯಾರೂ ಬರಲೊಲ್ಲರು.

ನಮ್ಮ ಅಜ್ಜಿ, ಆಯಿ, ಜಪಸರ ಬಿಟ್ಟು ತಿರುಗಿದಳು. "ಹುಚ್ಚ ಹಿಡದದೇನ್ ಬೇ ಭುವನಾ?"

"ಹಿಡದದ ನೋಡ್ರಿ ಆಯಿ."

ಅಣ್ಣ ಹೆಂಡತಿಯ ಮುಖ ನೋಡಿದ. "ಚಟ್ನಿ ಹಾಕು" ಎಂದ.

ಜನವರಿ 19

ಚಂದ್ರಾಮಪ್ಪ ಕಾಕಾ ಬಂದಿದ್ದರು. ನಾಟಕ ಕಮಿಟಿಗೆ ಅವರೇ ಮುಖ್ಯ, ಮೈಕ್ ಅವರ ಕೈ ಬಿಟ್ಟು ಹೋಗುವುದಿಲ್ಲ. ಜೊತೆಗೆ ಹಾರ್ಮೋನಿಯಂ ಪೇಟಿ ಬಾರಿಸಿ ನಾಟಕ ಕಲಿಸುವ ಬುರಾನುದ್ದೀನ ಮಾಸ್ತರು.

ವೈನಿ ಬಾಗಿಲ ಹಿಂದೆ ನಿಂತೇ ಮಾತಾಡಿದರು. ಒಂದೇ ಶರತ್ತು — ನಾಟಕ ನಾಲ್ಕು ಗಂಟೆಗೆ ಶುರುವಾಗಬೇಕು, ಬಿಸಿಲಲ್ಲಿ.

ಕಾಕಾ ನಕ್ಕು ಚಹಾ ಚೆಲ್ಲಿಕೊಂಡರು. "ಹಗಲುಗನಸು ಕೇಳೀನಿ ತಂಗಿ, ಹಗಲು ನಾಟಕ ಕೇಳಿಲ್ಲ. ಖಯಾಲಿ ಪುಲಾವ ಬೇಸಾಕತ್ತೀದಿ ನೀ."

"ಕತ್ತಲಾಗ ಸೀಟಿ ಹೊಡದವ್ರ ಮಾರಿ ಕಾಣಂಗಿಲ್ರಿ ಕಾಕಾ. ಹಗಲಾದ್ರ ಕಾಣ್ತದ. ಅವರ ಅವ್ವಂದಿರಿಗೂ ಕಾಣ್ತದ."

ಮಾಸ್ತರು ಬಸಿಗೆ ಸುರಿದುಕೊಂಡ ಚಹಾ ಮುಗಿಸಿ ಅಂದರು — "ನನ್ನ ಪೇಟಿಗಿ ಹಗಲೂ ಒಂದೇ, ರಾತ್ರೀನೂ ಒಂದೇ. ಹಚ್ಚರಿ ತಾಲೀಮ."

ಜನವರಿ 27

ಆಳಂದಕ್ಕೆ ಹೋಗಿ ಬಂದೆ. ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ ಕೆಲಸದ ಸಂದರ್ಶನ. ಮಕ್ಕಳಿಗೆ ಗೈಡ್ ಬಿಟ್ಟು ಪಠ್ಯವನ್ನೇ ಓದಿಸುತ್ತೇನೆ ಎಂದೆ — ಮೆಲ್ಲಗೆ, ಟೇಬಲ್ ನೋಡುತ್ತ. ಸಂದರ್ಶನ ಮಾಡಿದವರು ನಕ್ಕು, "ನೀವು ಭಾಳ ಐಡಿಯಲಿಸ್ಟಿಕ್ ಇದ್ದೀರಿ ಮೇಡಂ" ಎಂದರು. ಹೊಗಳಿಕೆಯ ದನಿ, ಬಾಗಿಲು ತೋರಿಸುವ ಅರ್ಥ.

ಬಸ್ಸಿನಲ್ಲಿ ಅದನ್ನೇ ಯೋಚಿಸಿದೆ. ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುವಾಗ ಪ್ರತಿ ಉತ್ತರದಲ್ಲೂ 'ಆದರ್ಶ' ಬರೆದೆ. ಆ ಶಬ್ದ ನಮ್ಮ ಅಡುಗೆಮನೆಯಲ್ಲಿ ಒಮ್ಮೆಯೂ ಕೇಳಿಲ್ಲ. 'ಕನಸುಗಾರ' ಎಂಬುದು ಸತ್ತವರ ಫೋಟೋಕ್ಕೆ ಹಾರ ಹಾಕುವಾಗ ಬರುತ್ತದೆ. ಬದುಕಿರುವವರಿಗೆ ಬೇರೆ ಇವೆ — ಖಯಾಲಿ, ಭ್ರಮೆ, 'ಹವಾದಾಗ ಮನಿ ಕಟ್ಟಾಕತ್ತಾಳ', 'ಪ್ರ್ಯಾಕ್ಟಿಕಲ್ ಆಗು'.

ಪಕ್ಕದ ಹೊಲದ ಮಲ್ಲಣ್ಣ ಹೋದ ವರ್ಷ ನಮ್ಮ ಕರಿನೆಲದಲ್ಲಿ ಸ್ಟ್ರಾಬೆರಿ ಹಚ್ಚಿದ. ಎಲ್ಲ ಒಣಗಿತು. ಹೋಟೆಲಿನಲ್ಲಿ ಇವತ್ತಿಗೂ ಅವನಿಗೆ 'ಹಿಮ್ಮತ್ತಿನ ಮನಷ್ಯಾ' ಅನ್ನುತ್ತಾರೆ. ವೈನಿ ಇನ್ನೂ ಏನೂ ಹಚ್ಚಿಲ್ಲ, ಏನೂ ಒಣಗಿಲ್ಲ — ಆಗಲೇ ಹುಚ್ಚಿ. ಶಬ್ದ ಆರಿಸುವ ಮೊದಲು ಜನ ಮುಖ ನೋಡುತ್ತಾರೆ.

ಫೆಬ್ರವರಿ 3

ಪಾತ್ರದವರು ಮರೆತ ಮಾತನ್ನು ಪರದೆ ಹಿಂದೆ ಕೂತು ಎತ್ತಿಕೊಡುವ ಕೆಲಸ ನನಗೆ. ಮಾಸ್ತರು ಹೇಳಿದ್ದು ಇಷ್ಟೇ — "ಪಾತ್ರಕ್ಕ ಕೇಳಬೇಕು, ಪಬ್ಲಿಕ್ಕಿಗಿ ಕೇಳಬಾರದು." ಸಣ್ಣ ದನಿಯೇ ಅರ್ಹತೆಯಾದ ಕೆಲಸ ಜಗತ್ತಿನಲ್ಲಿ ಒಂದಾದರೂ ಇದೆ! ಮನೆಗೆ ಬರುವಾಗ ತಲೆ ಎತ್ತಿಕೊಂಡೇ ನಡೆದೆ.

ವೈನಿಗೆ ನನ್ನ ಅಗತ್ಯವೇ ಬೀಳುತ್ತಿಲ್ಲ. ಜೇವರ್ಗಿ ಕಡೆಯ ತವರಿನಲ್ಲಿ ಶಾಲೆ ಬಿಟ್ಟಾಗಿನಿಂದ ಕಾದಿಟ್ಟ ದನಿ. ಬಸವಳಿದ ತಾಯಿಯ ಪಾತ್ರ. ಮೂರನೇ ಅಂಕದಲ್ಲಿ ಪಂಚರ ಎದುರು ನಿಂತು ಮಾತಾಡುವಾಗ ಪೇಟಿ ಮಾಸ್ತರ ಕೈ ನಿಂತುಬಿಡುತ್ತದೆ.

ಆಯಿ ತಾಲೀಮಿನ ಕಡೆ ತಲೆ ಹಾಕಿಲ್ಲ. ಇವತ್ತು ನನ್ನ ಕೈಯಿಂದ ಟ್ರಂಕು ತೆಗೆಸಿ ಹಸಿರು ಕುಪ್ಪಸದ ಖಣ ಹುಡುಕಿಸಿದಳು. ಯಾಕೆಂದೆ. "ಘತ್ತರಗಿ ಭಾಗ್ಯವಂತಿ ದೇವಿಗಿ ಒಯ್ಯಬೇಕು. ನಿಮ್ಮ ಹುಚ್ಚ ಬಿಡಿಸು ಅಂತ ಬೇಡಿಕೋತೀನಿ."

ಫೆಬ್ರವರಿ 8

ನಾಳೆ ನಾಟಕ. ಕಾಕಾ ಬಂದು ಹೊಸ ಕಾನೂನು ಹೇಳಿ ಹೋದರು. ನಾಟಕದ ನಡುವೆ ಮೆಚ್ಚಿದವರು ಪಾತ್ರಕ್ಕೆ ನೋಟು ಹಚ್ಚುತ್ತಾರೆ, ಮೈಕಿನಲ್ಲಿ ಹೆಸರು ಕೂಗುತ್ತಾರೆ — ಅದು ಆಯೇರಿ. "ಮನಿ ಸೊಸಿಗಿ ಆಯೇರಿ ಕೂಗಂಗಿಲ್ಲ. ಮಂದಿ ಬಂದು ನೋಟು ಹಚ್ಚೋದಂದ್ರೇನು? ಮರ್ಯಾದಿ ಮಾತದ."

ಎಲ್ಲರೂ ಹೌದೆಂದೆವು. ವೈನಿ ಕೂಡ. ನಾನೂ.

ಫೆಬ್ರವರಿ 10, ಬೆಳಿಗ್ಗೆ

ಬರೆಯಬೇಕು.

ನಿನ್ನೆ ನಾಲ್ಕಕ್ಕೆ ಚಾವಡಿಯ ಮುಂದೆ ಜಾಗವಿಲ್ಲ. ಹೆಂಗಸರೇ ಅರ್ಧ — ರಾತ್ರಿ ನಾಟಕಕ್ಕೆ ಎಂದೂ ಬಾರದವರು. ಹುಡುಗನೊಬ್ಬ ಬೆರಳು ಬಾಯಿಗಿಟ್ಟ, ಎರಡು ಸಾಲು ಹಿಂದಿನಿಂದ ಅವನ ಅವ್ವ "ಏ ಖೋಡಿ!" ಎಂದಳು. ಬೆರಳು ಇಳಿಯಿತು.

ಆಯೇರಿ ಶುರು. ಪಂಚರ ಪಾತ್ರಕ್ಕೆ ಆಯೇರಿ, ಕಳ್ಳನ ಪಾತ್ರಕ್ಕೂ ಆಯೇರಿ. ಕಾಕಾ ಗಂಟಲು ಹರಿದು ಹೆಸರು ಕೂಗಿದರು. ವೈನಿ ಬಂದರು, ಅತ್ತರು, ಅಳಿಸಿದರು — ಮೈಕ್ ಮೂಕ. ಕಾನೂನು ನಮಗೆ ಗೊತ್ತು, ಮಂದಿಗೇನು ಗೊತ್ತು? ನಮ್ಮ ಕಡೆ ಪಾತ್ರ ಗೆದ್ದಿತೋ ಸೋತಿತೋ ತಿಳಿಯುವುದು ಆಯೇರಿಯಿಂದಲೇ. ಹಿಂದೆ ಯಾರೋ ಅಂದದ್ದು ಪರದೆವರೆಗೂ ಬಂತು — "ಸುಮ್ನ ಹುಚ್ಚ. ಯಾರಿಗೂ ಹಿಡಸಿಲ್ಲ ನೋಡು."

ವೈನಿಗೂ ಕೇಳಿತು. ಮೂರನೇ ಅಂಕ. ಪಂಚರ ಎದುರು ನಿಂತರು... ನಿಂತೇ ಇದ್ದರು. ನಾನು ಮಾತು ಎತ್ತಿಕೊಟ್ಟೆ. ಮತ್ತೆ ಕೊಟ್ಟೆ. ಮರೆತಿರಲಿಲ್ಲ ಅವರು, ತುಟಿ ಏಳಲಿಲ್ಲ. ಮರ್ಯಾದೆ ಅಂತ ನಾವು ಮಾಡಿದ್ದೇ ಅವರನ್ನು ಬಿಸಿಲಲ್ಲಿ ಒಂಟಿ ನಿಲ್ಲಿಸಿತ್ತು.

ಆಗ ಆಯಿ ಎದ್ದಳು. ಕೋಲೂರಿ ರಂಗದ ಅಟ್ಟದ ಮೆಟ್ಟಿಲೇರಿದಳು. ಸೆರಗಿನಲ್ಲಿ ಗಂಟು. ಬಿಚ್ಚಿದರೆ — ಅಕ್ಕಿ, ಉತ್ತತ್ತಿ, ಒಂದು ಬಟ್ಟಲು ಕೊಬ್ಬರಿ. ಮೇಲೆ ಆ ಹಸಿರು ಖಣ.

"ನೋಟು ಹಚ್ಚೋದು ಬ್ಯಾಡಂದ್ರಿ, ಛಲೋ ಆತು. ಉಡಿ ತುಂಬಬ್ಯಾಡ ಅಂತ ಯಾರೂ ಅಂದಿಲ್ಲಲಾ?"

ವೈನಿ ಸೆರಗೊಡ್ಡಿದರು. ಆಯಿ ಅಕ್ಕಿ ಸುರಿದಳು, ಹಣೆಗೆ ಕುಂಕುಮ ಹಚ್ಚಿದಳು, ಕಾಕಾನ ಕೈಯಿಂದ ಮೈಕ್ ಕಸಿದಳು. "ಈಕಿ ನಮ್ಮ ಮನಿ ಹುಚ್ಚಿ" ಎಂದಳು. "ನಮ್ಮ ಹುಚ್ಚಿ. ಮಂದಿ ಮನ್ಯಾಗ ಇಂಥಾದ್ದೊಂದಿದ್ರ ತೋರಸರಿ."

ಅದೇ ಶಬ್ದ. ಒಲೆಯ ಮುಂದೆ ಬೈಗುಳವಾಗಿದ್ದದ್ದು. ಮೈಕಿನಲ್ಲಿ ಬಿರುದಿನ ಹಾಗೆ ಕೇಳಿತು.

ಆಮೇಲೆ ತಡೆಯುವವರಿಲ್ಲ. ಹೆಂಗಸರು ಮನೆಗೋಡಿ ಅಕ್ಕಿ ತಂದರು. ಬುರಾನುದ್ದೀನ ಮಾಸ್ತರ ಮಗಳು ಗುಲಫಶಾ ಬೊಗಸೆ ತುಂಬ ಖಾರೀಕು — ಅವರ ಮನೆಯ ಉತ್ತತ್ತಿ — ತಂದಳು. ಸಾಲು ಕರಗುವಷ್ಟರಲ್ಲಿ ಹೊತ್ತು ಮುಳುಗಿತು. ನಾಟಕ ಮುಗಿಯಲಿಲ್ಲ! "ನಾ ಮೊದ್ಲೇ ಹೇಳಿದ್ದೆ, ಹಗಲು ಸಾಲಂಗಿಲ್ಲಂತ" ಎಂದು ಕಾಕಾ. ದನಿಯಲ್ಲಿ ಸಿಟ್ಟಿರಲಿಲ್ಲ. ಉಳಿದದ್ದು ಇವತ್ತು, ನಾಲ್ಕಕ್ಕೇ.

ಅಣ್ಣ ಅಕ್ಕಿಯ ಗಂಟು ಹೊತ್ತು ಊರ ನಡುವೆ ವೈನಿಯ ಜೊತೆ ನಡೆದ. ಹಿಂದೆ ಅಲ್ಲ, ಮುಂದೆ ಅಲ್ಲ, ಜೊತೆಗೆ.

ಅದೇ ದಿನ, ಮಧ್ಯಾಹ್ನ

ಕಾಕಾ ಊಟಕ್ಕೆ ಬಂದವರು, "ಹೋಟೆಲ್ದಾಗ ಎಲ್ಲಾರೂ ಭುವನಾಗ ಹಿಮ್ಮತ್ತಿನ ಹೆಣ್ಮಗಳು ಅನ್ನಾಕತ್ತಾರ" ಎಂದರು, ತಾವೇ ಕೊಟ್ಟ ಬಹುಮಾನದ ಹಾಗೆ.

ಆಯಿ ಮಜ್ಜಿಗೆ ಬಡಿಸುತ್ತ — "ಹಿಮ್ಮತ್ತು ನಿಮ್ಮ ಮಲ್ಲಣ್ಣಗ ಇರ್ಲಿ, ಚಂದ್ರಾಮ. ನಮಗ ಹುಚ್ಚೇ ಸಾಕು."

ವೈನಿ ಮುಖಕ್ಕೆ ಬಣ್ಣ ಹಚ್ಚಿಕೊಳ್ಳುತ್ತಿದ್ದಾರೆ. ಆಯಿ ಆಗಲೇ ಚಾವಡಿಗೆ ಹೋಗಿ ಮುಂದಿನ ಸಾಲು ಹಿಡಿದಿದ್ದಾಳಂತೆ. ಆಳಂದದ ಮತ್ತೊಂದು ಕಾಲೇಜಿಗೆ ಸೋಮವಾರ ಹೋಗುವುದಿದೆ. ಅದೇ ಮಾತು ಹೇಳುತ್ತೇನೆ, ಈ ಸಲ ಟೇಬಲ್ ನೋಡುವುದಿಲ್ಲ. ಅವರು ಐಡಿಯಲಿಸ್ಟಿಕ್ ಅಂದರೆ ನಾನು ಹೌದ್ರಿ ಅಂದು...

ಪೇಟಿ ಕೇಳುತ್ತಿದೆ. ವೈನಿ ಬಾಗಿಲಲ್ಲಿ — "ಏಳ ಬೇ ವಿದ್ಯಾ, ನೀ ಇಲ್ದ ನಾ ಪರದಿ ಹೊರಗ ಕಾಲಿಡಂಗಿಲ್ಲ."