ಮನೆಯಲ್ಲೇ ಇರುವವಳಿಗೆ ಶಿಶುವಿಹಾರ ಯಾಕೆ ಎಂದು ಕೇಳಿದವರಿಗೆ

ಮಕ್ಕಳ ಕಲ್ಯಾಣ ಕಚೇರಿಯ ಮುಖ್ಯಾಧಿಕಾರಿಗಳೇ,

ನಿಮ್ಮ ಕಚೇರಿಯಿಂದ ನನಗೆ ಎರಡು ಕಾಗದ ಬಂದಿವೆ. ಒಂದರಲ್ಲಿ, 'ತಾಯಿ ಮನೆಯಲ್ಲೇ ಇರುವುದರಿಂದ ಮಗುವಿಗೆ ಶಿಶುವಿಹಾರದ ಅಗತ್ಯ ಕಂಡುಬಂದಿಲ್ಲ' ಎಂದು ನನ್ನ ಅರ್ಜಿಯನ್ನು ತಿರಸ್ಕರಿಸಿದ್ದೀರಿ. ಇನ್ನೊಂದರಲ್ಲಿ, 'ತಾಯಿ ಮನೆಯಲ್ಲೇ ಇದ್ದೂ ಮಗುವಿನ ಮೇಲೆ ನಿಗಾ ಇಟ್ಟಿಲ್ಲ' ಎಂದು ನೋಟಿಸು ಕೊಟ್ಟಿದ್ದೀರಿ. ಎರಡಕ್ಕೂ ಸಹಿ ತಮ್ಮದೇ.

ಅರ್ಜಿ ಕೊಡಲು ಬಂದ ದಿನ ನನ್ನ ಕಂಕುಳಲ್ಲಿ ಎಂಟು ತಿಂಗಳ ಮಗಳಿದ್ದಳು. ಮೂರು ವರ್ಷದ ಮಗ ಗುಂಡ ನಿಮ್ಮ ಬೆಂಚಿನ ಕೆಳಗೆ ತೂರಿಕೊಂಡು ಹೊರಗೆ ಬರಲೊಲ್ಲೆ ಎನ್ನುತ್ತಿದ್ದ. ಗುಮಾಸ್ತರು ಕನ್ನಡಕದ ಮೇಲಿಂದ ನೋಡಿದರು.

"ಏನ್ ಕೆಲಸ ಮಾಡ್ತೀರಮ್ಮ?"

"ಮನೇಲೇ ಇರ್ತೀನಿ ಸರ್."

"ಸುಮ್ನೆ ಮನೇಲಿರೋರಿಗೆ ಇದೆಲ್ಲ ಯಾಕೆ?"

ಈ ಸುಮ್ಮನಿರುವಿಕೆಯ ವಿವರವನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ. ನನ್ನ ಗಂಡ ದೂರದೂರಿನ ಬಸ್ಸು ಓಡಿಸುತ್ತಾರೆ. ಹೊರಟರೆ ಮತ್ತೆ ಮನೆ ಕಾಣುವುದು ಮೂರನೇ ದಿನ. ಮಗಳು ಹುಟ್ಟಿದಾಗಿನಿಂದ ನಾನು ಮೂರು ಗಂಟೆ ಒಟ್ಟಿಗೆ ನಿದ್ದೆ ಮಾಡಿದ್ದಿಲ್ಲ. ಬಚ್ಚಲಿಗೆ ಹೋದರೂ ಬಾಗಿಲು ತೆರೆದೇ ಇರಬೇಕು. ನಮ್ಮ ಕಟ್ಟಡದ ಮಕ್ಕಳೆಲ್ಲ ನಿಮ್ಮ ಶಿಶುವಿಹಾರದಲ್ಲಿದ್ದಾರೆ. ಗುಂಡ ಕಿಟಕಿಯ ಸರಳು ಹಿಡಿದು ಬೀದಿಯ ನಾಯಿಯನ್ನು "ಬಾರೋ, ಆಡೋಣ" ಎಂದು ಕರೆಯುತ್ತಾನೆ. ತಾಯಿಯೇ ಓರಗೆಯ ಗೆಳೆಯನೂ ಆಗಬೇಕೆಂದು ತಮ್ಮ ಯಾವ ನಿಯಮದಲ್ಲಿದೆ?

ತಿರಸ್ಕಾರ ಬಂದ ಮೂರನೇ ವಾರ, ಮಟಮಟ ಮಧ್ಯಾಹ್ನ, ನನಗೇ ಜ್ವರವಿದ್ದು, ಮಗಳಿಗೆ ಹಾಲು ಕುಡಿಸುತ್ತಾ ಗೋಡೆಗೆ ಒರಗಿದವಳಿಗೆ ಕಣ್ಣು ಹತ್ತಿತು. ಎಚ್ಚರಾದಾಗ ಬಾಗಿಲು ಹಾರುಹೊಡೆದಿತ್ತು. ಗುಂಡ ಸ್ಟೂಲು ಎಳೆದು, ಚಿಲಕ ತೆಗೆದು, ಮೂರು ಅಂತಸ್ತು ಇಳಿದು, ಕೆಳಗಿನ ದರ್ಜಿಯ ಅಂಗಡಿ ಹೊಕ್ಕು, ಕಾದ ಇಸ್ತ್ರಿಪೆಟ್ಟಿಗೆಗೆ ಅಂಗೈ ಒತ್ತಿದ್ದ. ಅವನ ಚೀರಾಟ ಕೇಳಿ ಮಗಳನ್ನು ಅವಚಿಕೊಂಡು ಹೇಗೆ ಮೆಟ್ಟಿಲು ಇಳಿದೆನೋ ನನಗೇ ಗೊತ್ತಿಲ್ಲ. ದರ್ಜಿ ಅವನ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ತಾವೂ ಅಳುತ್ತಿದ್ದರು. "ಒಂದೇ ನಿಮಿಷ ಆ ಕಡೆ ತಿರುಗಿದ್ದೆ ಕಣಮ್ಮ."

ಆಸ್ಪತ್ರೆಯಲ್ಲಿ ಗಾಯಕ್ಕೆ ಬಟ್ಟೆ ಸುತ್ತುತ್ತಾ ದಾದಿ ಕೇಳಿದರು, "ತಾಯಿ ಎಲ್ಲಿದ್ರು?" "ಮನೇಲೇ," ಎಂದೆ. ಆ ಒಂದು ಮಾತು ಆಸ್ಪತ್ರೆಯಿಂದ ನಿಮ್ಮ ಕಚೇರಿಗೆ ಹೋಗಿ, ನೋಟಿಸಾಗಿ ವಾಪಸು ಬಂತು. ಗುಂಡನ ಎರಡು ಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ.

ಆಮೇಲೆ ಪಕ್ಕದ ಬೀದಿಯ ಹಳೆಯ ಆಯಾ ಒಬ್ಬರನ್ನು ದಿನಕ್ಕೆ ಮೂರು ಗಂಟೆ ಬರಲು ಒಪ್ಪಿಸಿದೆ. ಮೊದಲ ದಿನ ಅವರ ಹಿಂದೆಯೇ ಸುತ್ತುತ್ತಿದ್ದೆ. ಅವರು ಮಗಳನ್ನು ನನ್ನ ಕೈಯಿಂದ ಎತ್ತಿಕೊಂಡು, "ಹೋಗಮ್ಮ, ಮಲ್ಕೋ. ನೀನು ಬಿದ್ರೆ ಇವರಿಬ್ಬರನ್ನ ಎತ್ತೋರ್ಯಾರು?" ಎಂದರು. ಮಲಗಿದೆ. ಎದ್ದು ಗುಂಡನ ಜೊತೆ ನೆಲದ ಮೇಲೆ ಒಂದು ಗಂಟೆ ರೈಲಾಟ ಆಡಿದೆ, ಒಮ್ಮೆಯೂ ಗದರಲಿಲ್ಲ. ಅವನಿಗೇ ಆಶ್ಚರ್ಯವಾಗಿ, "ಅಮ್ಮ, ಕೋಪ ಹೋಯ್ತಾ?" ಎಂದ. ಅದನ್ನು ಕೇಳಿದಾಗ ಆದ ನಾಚಿಕೆ ನಿಮ್ಮ ನೋಟಿಸು ಓದಿದಾಗಲೂ ಆಗಿರಲಿಲ್ಲ.

ಅತ್ತೆ ಫೋನಿನಲ್ಲಿ, "ನಾವೂ ನಾಲ್ಕು ಹೆತ್ತಿಲ್ವಾ? ಯಾವ ಆಯಾ ಇದ್ಲು?" ಎಂದರು. ಆಗ ಅವರ ಮನೆಯಲ್ಲಿ ಇಬ್ಬರು ನಾದಿನಿಯರೂ ಒಬ್ಬ ಅಜ್ಜಿಯೂ ಇದ್ದದ್ದು ಅವರಿಗೆ ಮರೆತಿದೆ. ಇರಲಿ, ಅತ್ತೆಗೆ ಮೊಹರು, ಸಹಿಯ ಅಧಿಕಾರವಿಲ್ಲ. ತಮಗಿದೆ.

ಆಯಾ ನಾಳೆ ತಮ್ಮ ಮಗಳ ಹೆರಿಗೆಗೆ ಹೊರಡುತ್ತಾರೆ. ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ: ಗುಂಡನಿಗೆ ಅರ್ಧ ದಿನದ ಜಾಗ ಕೊಡಿ. ಮನೆಯಲ್ಲಿರುವ ತಾಯಂದಿರನ್ನು ಹೊರಗಿಡುವ ನಿಯಮವನ್ನು ತೆಗೆದುಹಾಕಿ. ಅದೇ ನೋಟಿಸಿನಲ್ಲಿ ಮುಂದಿನ ಗುರುವಾರ ಹನ್ನೊಂದಕ್ಕೆ ವಿಚಾರಣೆಗೆ 'ಮಕ್ಕಳನ್ನು ಕರೆತರದೆ' ಹಾಜರಾಗಬೇಕೆಂದು ಆದೇಶಿಸಿದ್ದೀರಿ. ಇಬ್ಬರನ್ನೂ ಎಲ್ಲಿ ಬಿಟ್ಟು ಬರಲಿ ಎಂಬುದನ್ನು ಬುಧವಾರದೊಳಗೆ ಲಿಖಿತವಾಗಿ ತಿಳಿಸಿ.

ಇಂತಿ,
ತಮ್ಮ ಕಡತದ ಪ್ರಕಾರ ಸುಮ್ಮನೆ ಮನೆಯಲ್ಲಿರುವ,
ಇಬ್ಬರು ಮಕ್ಕಳ ತಾಯಿ